ಮೂರಡಿ ಜಾಗ ಬಿಟ್ಟು ಕಟ್ಟಿ

ನಾಳೆ ಮಧ್ಯಾಹ್ನ ಝುಹ್ರ್ ಬಾಂಗಿನ ಹೊತ್ತಿಗೆ ನಿಮ್ಮ ಮನೆಯ ಒಳಕೋಣೆಗೆ ಹೋಗಿ ಲೈಟ್ ಆರಿಸಿ ನೋಡಿ. ಕೈಯಲ್ಲಿರುವ ಔಷಧಿ ಚೀಟಿಯ ಅಕ್ಷರ ಓದಲು ಆಗುತ್ತದೆಯೇ? ಆದರೆ ಅಲ್ಲಾಹನಿಗೆ ಶುಕ್ರ್ ಹೇಳಿ, ಈ ಪುಟವನ್ನು ನಿಮ್ಮ ಮಹಡಿಯ ಬಾಡಿಗೆದಾರರಿಗೆ ಕೊಡಿ. ಆಗದಿದ್ದರೆ ನೀವೇ ಮುಂದೆ ಓದಿ. ಮಗುವಿನ ಕೆಮ್ಮಿಗೆ ಮೂರನೇ ಸಲ ಸಿರಪ್ ಬದಲಿಸುವ ಮೊದಲು ಆ ಕೋಣೆಯ ಗೋಡೆಗಳನ್ನೊಮ್ಮೆ ನೋಡಬೇಕಾಗಿದೆ.

ಬೆಂಗಳೂರಿನ ಟ್ಯಾನರಿ ರಸ್ತೆಯ ಆಚೀಚೆಯ ಮೊಹಲ್ಲಾಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಗೋರಿಪಾಳ್ಯ, ಪಾದರಾಯನಪುರ, ತಿಲಕನಗರದವರಿಗೂ ಈ ಚಿತ್ರ ಹೊಸದಲ್ಲ. ಅಪ್ಪ ಕೊಂಡ ಇಪ್ಪತ್ತು ಮೂವತ್ತರ ಸೈಟು ಮಕ್ಕಳ ಪಾಲಿಗೆ ಬರುವಾಗ ಹತ್ತು ಮೂವತ್ತು ಆಗಿರುತ್ತದೆ. ಅದರ ಮೇಲೆ ನಾಲ್ಕು ಅಂತಸ್ತು ಏಳುತ್ತದೆ. ಮೂರು ಕಡೆ ಪಕ್ಕದವರ ಗೋಡೆಗೆ ಗೋಡೆ ಅಂಟಿಸಿ, ನಾಲ್ಕನೇ ಕಡೆ ರಸ್ತೆಯ ಮೇಲೆ ಎರಡಡಿ ಚಾಚಿ ಕಟ್ಟಿದ ಮನೆ. ಮುಂದಿನ ಹಾಲಿಗೊಂದು ಕಿಟಕಿ. ನಡುವೆ ಅಡುಗೆಮನೆ. ಹಿಂದೆ ಮಲಗುವ ಕೋಣೆ, ಅದಕ್ಕೆ ಕಿಟಕಿಯೇ ಇಲ್ಲ. ಬಚ್ಚಲಿನ ವೆಂಟಿಲೇಟರ್ ತೆರೆದುಕೊಳ್ಳುವುದು ಒಂದೂವರೆ ಅಡಿಯ ಡಕ್ಟಿಗೆ. ಆ ಡಕ್ಟಿನ ತಳದಲ್ಲಿ ಏನಿದೆ ಎಂದು ಕೆಳಮನೆಯವರನ್ನು ಕೇಳಿ: ಮಕ್ಕಳ ಡೈಪರ್, ಮೊಟ್ಟೆ ಸಿಪ್ಪೆ, ಪ್ಲಾಸ್ಟಿಕ್ ಕವರು, ಅವುಗಳ ನಡುವೆ ಸತ್ತ ಇಲಿ. ಗಾಳಿಗೆಂದು ಬಿಟ್ಟ ಜಾಗವೇ ತಿಪ್ಪೆಯಾದ ಮೇಲೆ ವಾಸನೆಗೆ ಹೆದರಿ ವೆಂಟಿಲೇಟರಿಗೂ ರಟ್ಟು ಹೊಡೆಯುತ್ತೇವೆ.

ಗಂಡಸರು ಬೆಳಿಗ್ಗೆ ಅಂಗಡಿಗೋ ಗ್ಯಾರೇಜಿಗೋ ಹೋಗುತ್ತಾರೆ. ರಾತ್ರಿ ಬಂದು ಮಲಗುವವರಿಗೆ ಮನೆ ಕತ್ತಲಾದರೇನು, ಬೆಳಕಾದರೇನು! ಅಲ್ಲಿ ಇಪ್ಪತ್ತನಾಲ್ಕು ಗಂಟೆ ಕಳೆಯುವವರು ಬಾಣಂತಿ, ಹಾಸಿಗೆ ಹಿಡಿದ ಅತ್ತೆ, ಇನ್ನೂ ಶಾಲೆಗೆ ಸೇರದ ಮಗು. ಅಡುಗೆಯ ಹಬೆ, ಒಗ್ಗರಣೆಯ ಘಾಟು, ಗ್ಯಾಸ್ ಒಲೆಯ ಹೊಗೆ ಎಲ್ಲವೂ ಇವರ ಎದೆಗೇ ಹೋಗುತ್ತದೆ. ಸಂಜೆಯಾದರೆ ಸೊಳ್ಳೆಗೆಂದು ಬಾಗಿಲು ಮುಚ್ಚಿ ಕಾಯಿಲ್ ಹಚ್ಚುತ್ತೇವೆ. ಒಂದು ಕಾಯಿಲ್ ಪೂರ್ತಿ ಉರಿದಾಗ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಿಂದ ಬರುವಷ್ಟಿರುತ್ತವೆ ಎಂದು ಸಂಶೋಧಕರು ಅಳೆದು ಹೇಳಿ ಇಪ್ಪತ್ತು ವರ್ಷ ದಾಟಿತು. ಮನೆಯಲ್ಲಿ ಬೀಡಿ ಸೇದಬೇಡಿ ಎಂದು ತಾತನನ್ನು ಗದರುವ ನಾವೇ ಮಗುವಿನ ತಲೆದೆಸೆಯಲ್ಲಿ ಕಾಯಿಲ್ ಇಡುತ್ತೇವೆ.

ಇನ್ನು ಟೆರೇಸಿನ ಬೀಗದ ವಿಷಯ. ನಮ್ಮ ಕಡೆ ಬಾಡಿಗೆದಾರರಿಗೆ ಟೆರೇಸ್ ಕೊಡದ ಮಾಲೀಕರೇ ಹೆಚ್ಚು. ಟ್ಯಾಂಕಿನ ನೀರು ಕದಿಯುತ್ತಾರೆ, ಮಕ್ಕಳು ಗಲಾಟೆ ಮಾಡುತ್ತಾರೆ, ಹೆಂಗಸರು ಪಕ್ಕದ ಮನೆಯವರೊಂದಿಗೆ ಜಗಳ ತೆಗೆಯುತ್ತಾರೆ ಎಂಬ ಕಾರಣಗಳು. ಪರಿಣಾಮ ಏನೆಂದರೆ ಆರು ಜನರ ಬಟ್ಟೆ ಹಾಲಿನಲ್ಲಿ ಹಗ್ಗ ಕಟ್ಟಿ ಒಣಗಬೇಕು. ಒದ್ದೆ ಬಟ್ಟೆಯ ನೀರು ಎಲ್ಲಿಗೂ ಹೋಗುವುದಿಲ್ಲ, ಗೋಡೆಗೆ ಹೋಗುತ್ತದೆ. ಬೀರುವಿನ ಹಿಂದೆ, ಮಂಚದ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಪ್ರತಿ ರಮಝಾನಿಗೆ ಮುನ್ನ ಅದರ ಮೇಲೆ ಸುಣ್ಣ ಬಳಿಯುತ್ತೇವೆ, ಮಳೆಗಾಲ ಮುಗಿಯುವಷ್ಟರಲ್ಲಿ ಅದು ಮತ್ತೆ ಹಾಜರು. ಉಬ್ಬಸ ಇರುವ ಮಗುವಿಗೆ ಈ ಬೂಷ್ಟಿನ ಗಾಳಿ ವಿಷ. ಡಾಕ್ಟರು ಇನ್ಹೇಲರ್ ಬರೆದುಕೊಡಬಹುದು. ಬಿಸಿಲು ಬರೆದುಕೊಡಲು ಅವರಿಗಾಗದು. ನಮ್ಮ ಹೆಣ್ಣುಮಕ್ಕಳಿಗೆ ಮೂಳೆ ನೋವು, ವಿಟಮಿನ್ ಡಿ ಕೊರತೆ ಎಂದು ದುಬಾರಿ ಗುಳಿಗೆ ಬರೆಯುವಾಗಲೂ ಇದೇ ಮಾತು. ಬೀಗ ತೆಗೆದರೆ ಬಿಸಿಲು ಬಿಟ್ಟಿ ಸಿಗುತ್ತದೆ.

ಕ್ಷಯದ ಬಗ್ಗೆ ಮಾತಾಡಲು ನಮ್ಮಲ್ಲಿ ಸಂಕೋಚ, ಅದರಲ್ಲೂ ಮದುವೆಗೆ ಬಂದ ಹುಡುಗಿ ಮನೆಯಲ್ಲಿದ್ದರೆ. ಆದರೆ ಈ ರೋಗ ಹರಡುವುದು ಗಾಳಿಯಿಂದ. ಎಂಜಲಿನಿಂದಲ್ಲ, ತಟ್ಟೆ ಲೋಟದಿಂದಲ್ಲ. ರೋಗಿ ಕೆಮ್ಮಿದ ಗಾಳಿ ಕಿಟಕಿಯಿಂದ ಹೊರಹೋದರೆ ಅಪಾಯ ಕಡಿಮೆಯಾಗುತ್ತದೆ; ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ಅಲ್ಲೇ ತೇಲುತ್ತದೆ, ಪಕ್ಕದಲ್ಲಿ ಮಲಗಿದವರು ಅದನ್ನೇ ಉಸಿರಾಡುತ್ತಾರೆ. ರೋಗಿಯ ತಟ್ಟೆ ಬೇರೆ ಇಟ್ಟು, ಅವರನ್ನು ಕಿಟಕಿಯಿಲ್ಲದ ಕೋಣೆಯಲ್ಲಿ ಇತರರ ಜೊತೆ ಮಲಗಿಸುವುದು ಯಾವ ಎಚ್ಚರಿಕೆ? ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರಿನಿಂದ 1000 ಮಾಡಿದ್ದಾರೆ. ವಿಷಯ ತಿಳಿದೊಡನೆ ಮನೆ ಖಾಲಿ ಮಾಡಿಸುವ ಮಾಲೀಕರೂ ಇದ್ದಾರೆ. ಅಂಥವರಿಗೆ ಕೇಳಬೇಕಾದ ಪ್ರಶ್ನೆ: ಈ ಬಾಡಿಗೆದಾರ ಹೋದ ಮೇಲೆ ಅದೇ ಕಿಟಕಿಯಿಲ್ಲದ ಕೋಣೆಗೆ ಯಾರ ಮಕ್ಕಳನ್ನು ಕರೆತರುತ್ತೀರಿ?

ಗಾಳಿಯಿಲ್ಲದ ಮನೆ ನಿಧಾನವಾಗಿ ಮಾತ್ರ ಕೊಲ್ಲುತ್ತದೆ ಎಂದುಕೊಳ್ಳಬೇಡಿ. ಗ್ಯಾಸ್ ಗೀಸರ್ ಇರುವ ಬಚ್ಚಲಿನಲ್ಲಿ ಅದಕ್ಕೆ ಕೆಲವೇ ನಿಮಿಷ ಸಾಕು. ಬೆಂಗಳೂರಿನ ಪತ್ರಿಕೆಗಳಲ್ಲಿ ಇಂಥ ಸಾವಿನ ಸುದ್ದಿ ಮತ್ತೆ ಮತ್ತೆ ಬರುತ್ತದೆ: ಸ್ನಾನಕ್ಕೆ ಹೋದವರು ಹೊರಬರಲಿಲ್ಲ, ಬಾಗಿಲು ಒಡೆದು ನೋಡಿದರೆ ನೆಲದ ಮೇಲೆ ಬಿದ್ದಿದ್ದರು. ಕರೆಂಟ್ ಬಿಲ್ ಉಳಿಯುತ್ತದೆಂದು ಹಾಕಿಸಿದ ಗೀಸರ್ ಬಚ್ಚಲಿನ ಆಮ್ಲಜನಕವನ್ನು ಉರಿಸಿ ಮುಗಿಸುತ್ತದೆ. ಆಮೇಲೆ ಅರೆಬರೆ ಉರಿದ ಗ್ಯಾಸಿನಿಂದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ತಲೆ ಭಾರವಾಗಿ, ಕಾಲು ಸೋತು, ಚಿಲಕ ತೆಗೆಯುವ ಶಕ್ತಿಯೂ ಉಳಿಯುವುದಿಲ್ಲ. ಜುಮಾದ ದಿನ ಅಥವಾ ಈದಿನ ಬೆಳಿಗ್ಗೆ ಮನೆಮಂದಿಯೆಲ್ಲ ಒಬ್ಬರ ಹಿಂದೊಬ್ಬರು ಬಿಸಿನೀರು ಬಿಡುವ ಮನೆಗಳಲ್ಲಿ ಕೊನೆಗೆ ಹೋಗುವವರಿಗೆ ಅಪಾಯ ಹೆಚ್ಚು. ಕೊನೆಗೆ ಹೋಗುವವರು ಸಾಮಾನ್ಯವಾಗಿ ಅಮ್ಮ.

ಗೀಸರನ್ನು ಇಂದೇ ಬಚ್ಚಲಿನಿಂದ ಹೊರಗೆ, ಗಾಳಿಯಾಡುವ ಜಾಗಕ್ಕೆ ಹಾಕಿಸಿ. ಅದಾಗುವವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಒಳಗೆ ಹೋಗಿ. ಯಾರಾದರೂ ಒಳಗೆ ಕುಸಿದಿದ್ದರೆ ಮೊದಲು ಬಾಗಿಲು ತೆರೆದು ಅವರನ್ನು ಹೊರಗಾಳಿಗೆ ತನ್ನಿ, ಗ್ಯಾಸ್ ನಿಲ್ಲಿಸಿ, ಆಂಬುಲೆನ್ಸಿಗೆ 108ಕ್ಕೆ ಫೋನ್ ಮಾಡಿ. ಮುಖಕ್ಕೆ ನೀರು ಚಿಮುಕಿಸುತ್ತಾ, ಈರುಳ್ಳಿ ಮೂಸಿಸುತ್ತಾ ಕೂರಬೇಡಿ.

ಮನೆಯ ಮುಂದೆ ಜಾಗ ಬಿಡದ ಕಾರಣಕ್ಕೆ ಹುಟ್ಟಿದ ಇನ್ನೊಂದು ತಾಪತ್ರಯ ಸಂಪು. ಇರುವ ನಾಲ್ಕಡಿಯಲ್ಲೇ ಸಂಪು, ಪಕ್ಕದಲ್ಲೇ ಒಳಚರಂಡಿಯ ಚೇಂಬರು. ಸಂಪಿನ ಬಾಯಿ ರಸ್ತೆಯ ಮಟ್ಟಕ್ಕೆ. ಒಂದು ಜೋರು ಮಳೆಗೆ ಚೇಂಬರು ಉಕ್ಕಿದರೆ ಆ ನೀರಿಗೆ ಹತ್ತಿರದ ದಾರಿ ನಿಮ್ಮ ಸಂಪು. ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತಂದ ಕಾವೇರಿ ಕೊನೆಯ ಮೂರಡಿಯಲ್ಲಿ ಕೆಡುತ್ತಾಳೆ. ಟೈಫಾಯ್ಡ್, ಕಾಮಾಲೆ ಒಂದೇ ಓಣಿಯಲ್ಲಿ ಸಾಲಾಗಿ ಬಂದರೆ ದೃಷ್ಟಿ ಬಿತ್ತೆಂದು ಹೇಳುವ ಮೊದಲು ಸಂಪಿನ ಮುಚ್ಚಳ ಎತ್ತಿ ನೋಡಿ. ನೀರಿನಿಂದ ಬರುವ ಹೆಪಟೈಟಿಸ್ ಇ ಕಾಮಾಲೆ ತುಂಬು ಗರ್ಭಿಣಿಯರಿಗೆ ಪ್ರಾಣಾಪಾಯ ತರಬಲ್ಲದು. ಸಂಪಿನ ಬಾಯಿಯನ್ನು ಒಂದಡಿ ಎತ್ತರಿಸಿ ಕಟ್ಟಿಸಲು ಒಬ್ಬ ಗಾರೆ ಕೆಲಸದವರ ಅರ್ಧ ದಿನದ ಕೂಲಿ ಸಾಕು. ತೊಳೆಯಲು ಇಳಿಯುವವರು ಒಬ್ಬರೇ ಇಳಿಯಬಾರದು. ಮುಚ್ಚಳ ತೆಗೆದು ಗಾಳಿಯಾಡಿದ ಮೇಲಷ್ಟೇ, ಮೇಲೊಬ್ಬರು ನಿಂತಿರುವಾಗಲೇ ಇಳಿಯಬೇಕು.

ಡೆಂಗ್ಯೂ ಸೊಳ್ಳೆಗೂ ಇದೇ ಸಂಪು, ಇದೇ ಡ್ರಮ್ಮು ತವರು. ಅದು ಮೋರಿಯ ಸೊಳ್ಳೆಯಲ್ಲ, ಶುದ್ಧ ನೀರಿನಲ್ಲಿ ಹುಟ್ಟಿ ಹಗಲಲ್ಲಿ ಕಚ್ಚುವ ಸೊಳ್ಳೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಲಾರ್ವಾ ಸಿಕ್ಕ ಮನೆಗೆ ದಂಡ ಹಾಕುವ ನಿಯಮ ತಂದಿತು. ನಾವು ಮಾತ್ರ ಇನ್ನೂ ಹೊಗೆ ಮಷಿನ್ ಕಳಿಸಿ ಎಂದೇ ಒತ್ತಾಯಿಸುತ್ತೇವೆ. ಹೊಗೆ ಹಾರುವ ಸೊಳ್ಳೆಗೆ ತಾಗೀತು, ನೀರಿನೊಳಗಿನ ಹುಳುವಿಗೆ ಏನೂ ಆಗುವುದಿಲ್ಲ. ವಾರಕ್ಕೊಮ್ಮೆ ಡ್ರಮ್ಮು ಖಾಲಿ ಮಾಡಿ ಒಳಗೋಡೆಯನ್ನು ಉಜ್ಜಿ ತೊಳೆಯುವುದು ಹೊಗೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಇದೆಲ್ಲ ಪಾಲಿಕೆಯ ಕೆಲಸವಲ್ಲವೇ ಎನ್ನುತ್ತೀರಿ. ಕಸ, ಚೇಂಬರು, ರಾಜಕಾಲುವೆ ಖಂಡಿತ ಅವರ ಕೆಲಸ. ಒಂದಿದ್ದ ಪಾಲಿಕೆ 2025ರಲ್ಲಿ ಐದಾಗಿದೆ, ಐದರ ಬಾಗಿಲನ್ನೂ ಬಡಿಯೋಣ. ಆದರೆ ಗೋಡೆಯನ್ನು ಎಲ್ಲಿ ಎಬ್ಬಿಸಬೇಕೆಂದು ನಿರ್ಧರಿಸಿದ್ದು ಪಾಲಿಕೆಯಲ್ಲ. ಮಂಜೂರಾದ ನಕ್ಷೆಯಲ್ಲಿ ಜಾಗ ಬಿಟ್ಟಂತೆ ತೋರಿಸಿ ಕಟ್ಟುವಾಗ ನುಂಗಿದವರು ನಾವೇ.

ಈ ಪಾಠವನ್ನು ಇದೇ ಊರು ಒಮ್ಮೆ ಬಹಳ ದುಬಾರಿ ಬೆಲೆ ಕೊಟ್ಟು ಕಲಿತಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಲಿಗಳ ಜೊತೆ ಜನ ಒತ್ತೊತ್ತಾಗಿ ಬದುಕುತ್ತಿದ್ದ ಪೇಟೆಯಲ್ಲೂ, ದಂಡು ಪ್ರದೇಶದ ಬ್ಲ್ಯಾಕ್‌ಪಲ್ಲಿ ಅಂದರೆ ಇಂದಿನ ಶಿವಾಜಿನಗರದ ಸುತ್ತಲೂ ಅದು ಮನೆಮನೆ ಖಾಲಿ ಮಾಡಿತು. ಆಮೇಲೆ ಪೇಟೆಯ ಕಡೆ ಬಸವನಗುಡಿ, ಮಲ್ಲೇಶ್ವರ ಬೆಳೆದವು. ದಂಡಿನ ಕಡೆ ಜನದಟ್ಟಣೆ ತಗ್ಗಿಸಲೆಂದು 1906ರಲ್ಲಿ ಫ್ರೇಜರ್ ಟೌನಿಗೆ ಅಡಿಗಲ್ಲು ಹಾಕಿದರು. ಅಗಲ ರಸ್ತೆ, ಮನೆಯ ಸುತ್ತ ಖಾಲಿ ಜಾಗ ಅಲಂಕಾರಕ್ಕಾಗಿ ಬಿಟ್ಟದ್ದಲ್ಲ, ಜೀವ ಉಳಿಸಲು ಬಿಟ್ಟದ್ದು. ಇಂದು ಮಾಸ್ಕ್ ರಸ್ತೆಯ ಅಡ್ಡರಸ್ತೆಗಳಲ್ಲಿ ನಡೆದುನೋಡಿ, ಆ ಖಾಲಿ ಜಾಗದ ಮೇಲೆ ಎಷ್ಟು ಮಹಡಿಗಳು ಎದ್ದಿವೆ ಎಂದು.

ಚದರಡಿಗೆ ಇಷ್ಟು ಬೆಲೆ ಇರುವಾಗ ಮೂರಡಿ ಬಿಡುವುದು ಹೇಗೆ ಎಂದು ಕಟ್ಟುವವರು ಕೇಳುತ್ತಾರೆ. ಲೆಕ್ಕ ಹಾಕೋಣ. ಇಪ್ಪತ್ತು ಮೂವತ್ತರ ಸೈಟು 600 ಚದರಡಿ. ಹಿಂದುಗಡೆ ಇಪ್ಪತ್ತಡಿ ಉದ್ದಕ್ಕೆ ಮೂರಡಿ ಬಿಟ್ಟರೆ ಹೋಗುವುದು 60 ಚದರಡಿ, ಹತ್ತನೇ ಒಂದು ಪಾಲು. ಅಷ್ಟಕ್ಕೆ ಹಿಂದಿನ ಕೋಣೆಗೆ ಕಿಟಕಿ, ಬಚ್ಚಲಿಗೆ ವೆಂಟಿಲೇಟರ್, ಗೀಸರಿಗೆ ಹೊರಗೋಡೆ, ಬಟ್ಟೆಗೆ ತಂತಿ ಎಲ್ಲವೂ ಸಿಗುತ್ತದೆ. ಹತ್ತು ಮೂವತ್ತರಲ್ಲಿ ಇನ್ನೂ ಕಷ್ಟ, ಒಪ್ಪುತ್ತೇನೆ. ಅಣ್ಣತಮ್ಮಂದಿರು ಕೂಡಿ ನಡುವೆ ಒಂದೇ ತೆರೆದ ಅಂಗಳ ಬಿಟ್ಟು ಕಟ್ಟಿದರೆ ಅದೂ ಸಾಧ್ಯ, ಮಾತುಕತೆ ಉಳಿದಿದ್ದರೆ.

ನಿಮ್ಮ ಗೋಡೆ ಏಳುವಾಗ ಮುಚ್ಚುವುದು ನಿಮ್ಮ ಕಿಟಕಿ ಮಾತ್ರವಲ್ಲ, ನೆರೆಯವರದೂ. ಹನಫಿ ಫಿಕ್ಹ್ ಆಧಾರದಲ್ಲಿ ಉಸ್ಮಾನಿ ಆಡಳಿತ 1869ರಿಂದ 1876ರವರೆಗೆ ಸಿದ್ಧಪಡಿಸಿದ ಮಜಲ್ಲ ಎಂಬ ಕಾನೂನು ಸಂಹಿತೆ ಇದೆ. ನೆರೆಯವನ ಕೋಣೆಯ ಬೆಳಕನ್ನು ತಡೆದು, ಅಲ್ಲಿ ಬರಹ ಓದಲಾಗದಷ್ಟು ಕತ್ತಲು ಮಾಡುವುದನ್ನು ಅದು ನಿವಾರಿಸಲೇಬೇಕಾದ ದೊಡ್ಡ ಹಾನಿಯೆಂದು ಪರಿಗಣಿಸುತ್ತದೆ. ಮೇಲೆ ಔಷಧಿ ಚೀಟಿ ಓದಿ ನೋಡಿ ಎಂದೆನಲ್ಲ, ಆ ಅಳತೆ ನನ್ನದಲ್ಲ, ಅಲ್ಲಿಂದ ಬಂದದ್ದು. ನೆರೆಯವರ ಹಕ್ಕಿನ ಬಗ್ಗೆ ಬಯಾನ್ ಕೇಳಿ ತಲೆದೂಗುವ ನಾವು ಮೇಸ್ತ್ರಿಯ ಮುಂದೆ ನಿಂತಾಗ ಅದನ್ನು ಮರೆಯುತ್ತೇವೆ.

ಬಾಡಿಗೆಗೆ ಹೋಗುವವರು ಅಡ್ವಾನ್ಸ್ ಕೊಡುವ ಮುನ್ನ, ಭೋಗ್ಯದ ಪತ್ರಕ್ಕೆ ಸಹಿ ಹಾಕುವ ಮುನ್ನ ಹಗಲು ಹೊತ್ತಿನಲ್ಲಿ ಮನೆ ನೋಡಿ. ಹೆಂಗಸರನ್ನು ಕರೆದುಕೊಂಡು ಹೋಗಿ, ಅಲ್ಲಿ ದಿನ ಕಳೆಯಬೇಕಾದವರು ಅವರು. ಹೊಸ ಪೇಂಟಿನ ವಾಸನೆಗೆ ಮರುಳಾಗದೆ ಬೀರು ಇಡುವ ಮೂಲೆಯ ಗೋಡೆ ಮುಟ್ಟಿ ನೋಡಿ. ಟೆರೇಸ್ ಬಳಸಬಹುದೇ ಎಂದು ಕೇಳಿ, ಆ ಮಾತನ್ನು ಕರಾರಿನಲ್ಲಿ ಬರೆಸಿಕೊಳ್ಳಿ.

ಕೊನೆಯದಾಗಿ ಮಸೀದಿ ಕಮಿಟಿಗಳವರಲ್ಲಿ ಒಂದು ಕೋರಿಕೆ. ಎಷ್ಟೋ ಮಸೀದಿಗಳಿಗೆ ಸ್ವಂತ ಬಾಡಿಗೆ ಮನೆಗಳಿವೆ. ಅವುಗಳ ಬಾಡಿಗೆ ಪುಸ್ತಕ ಪ್ರತಿ ತಿಂಗಳೂ ಕಮಿಟಿಯ ಮುಂದೆ ಬರುತ್ತದೆ. ಮುಂದಿನ ಸಭೆಯಲ್ಲಿ ಅದರ ಜೊತೆ ಇನ್ನೂ ಮೂರು ವಿಷಯ ತೆಗೆದುಕೊಳ್ಳಿ: ಯಾವ ಮನೆಯ ಬಚ್ಚಲೊಳಗೆ ಗ್ಯಾಸ್ ಗೀಸರ್ ಇದೆ, ಯಾವ ಸಂಪಿನ ಬಾಯಿ ನೆಲಮಟ್ಟದಲ್ಲಿದೆ, ಟೆರೇಸಿನ ಬೀಗದ ಕೈ ಯಾರ ಜೇಬಿನಲ್ಲಿದೆ. ಮೊದಲ ಎರಡಕ್ಕೆ ಒಂದಿಷ್ಟು ದುಡ್ಡು ಬೇಕು. ಮೂರನೆಯದನ್ನು ಅದೇ ಸಂಜೆ ಮುಗಿಸಬಹುದು.