ಹೊಲದ ನಕ್ಷೆ ಮಾಡಿಸಿದ್ರೆ ಮೂಲೆಮೂಲೆಯ ಅಂಕಿ ಬರೆಸಿಕೊಳ್ಳಿ



ಸೋಯಾ ರಾಶಿ ಮುಗೀತು, ಕಡಲೆ ಬಿತ್ತೋಕೆ ನಾಲ್ಕು ದಿನ ಅದ. ನಮ್ಮ ಬಸವಕಲ್ಯಾಣ, ಹುಮನಾಬಾದ ಕಡೆ ಹೊಲ ಬರಿದಾದ ಇದೇ ದಿನಗಳಲ್ಲಿ ಬದುವಿನ ಜಗಳ ಏಳ್ತಾವ. ಅದಕ್ಕೇ ಇವತ್ತು ಬೆಳೆ ಬಿಟ್ಟು ನಕ್ಷೆ ಬಗ್ಗೆ ಬರೀತೀನಿ. ಮೊದಲೇ ಹೇಳ್ತೀನಿ: ದುಡ್ಡು ಕೊಟ್ಟು ಹೊಲ ಅಳೆಸಿ ಕಂಪ್ಯೂಟರ್ ನಕ್ಷೆ ಮಾಡಿಸಿದ್ರೆ, ಪ್ರತಿ ಮೂಲೆಯ ಕೋಆರ್ಡಿನೇಟ್ ಅಂಕಿಯ ಪಟ್ಟಿ ಕೈಗೆ ಬರೋ ತನಕ ಪೂರ್ತಿ ದುಡ್ಡು ಕೊಡಬೇಡಿ.

ನಾನು ಕೆಟ್ಟು ಕಲಿತದ್ದು ಇದು. ನಾನು, ತಮ್ಮ ಹೊಲ ಪಾಲು ಮಾಡಿಕೊಂಡಾಗ ಖಾಸಗಿಯವರಿಂದ ಮಷಿನ್ ತರಿಸಿ ಅಳೆಸಿದ್ವಿ. ಬಣ್ಣದ ಗೆರೆ, ಉದ್ದ ಅಗಲ, ಎಕರೆ ಗುಂಟೆ ಎಲ್ಲಾ ಇದ್ದ ನಕ್ಷೆ ಬಂತು. ಚೆಂದ ಇತ್ತು, ಲ್ಯಾಮಿನೇಷನ್ ಮಾಡಿಸಿ ಇಟ್ವಿ. ಎರಡು ವರ್ಷದ ಮೇಲೆ ಕೃಷಿ ಹೊಂಡ ತೋಡಲಿಕ್ಕೆ ಬಂದ ಜೆಸಿಬಿ ನಡುವಿನ ಕಲ್ಲು ಕಿತ್ತು ಹಾಕ್ತು. ರಸ್ತೆ ಕಡೆಯ ಮೂಲೆಗಲ್ಲು ಅದಕ್ಕೂ ಮೊದಲೇ ಹೋಗಿತ್ತು. ಉಳಿದದ್ದು ಒಂದೇ ಕಲ್ಲು. ನಕ್ಷೆ ಹಿಡಕೊಂಡು ಟೇಪು ಎಳೆದ್ವಿ. ನಾನು ಎಳೆದದ್ದು ಒಂದು ಕಡೆ, ತಮ್ಮ ಎಳೆದದ್ದು ಇನ್ನೊಂದು ಕಡೆ. ಫರಕು ಎರಡು ಅಡಿ. ಬದು 460 ಅಡಿ ಉದ್ದ, ಅಂದ್ರೆ 920 ಚದರಡಿ. ಒಂದು ಗುಂಟೆ ಅಂದ್ರೆ 33 ಅಡಿಗೆ 33 ಅಡಿ, 1089 ಚದರಡಿ. ಮುಕ್ಕಾಲು ಗುಂಟೆ ಚಿಲ್ಲರೆ ನೆಲಕ್ಕೆ ಎರಡು ಮನೆಯವರು ಒಂದು ಹಂಗಾಮು ಮಾತು ಬಿಟ್ವಿ.

ಡಿಪ್ಲೊಮಾ ಓದಿದ ತಮ್ಮನ ಮಗನೇ ಕೊನೆಗೆ ಬಂದು ತಿಳಿಸಿ ಹೇಳಿದ. ನಕ್ಷೆಯ ಉದ್ದ ಅಗಲ ಎಲ್ಲಾ ಸರಿ ಅದ. ಆದ್ರೆ ಕ್ಯಾಡ್‌ನಲ್ಲಿ ಗೆರೆ ಎಳೆದವರು ಹೊಲವನ್ನ ಅದರ ಜಾಗದಿಂದ ಎತ್ತಿ ಸೊನ್ನೆ ಸೊನ್ನೆ ಬಿಂದುವಿಗೆ ತಂದು ಇಟ್ಟಿದ್ರು, ಹಾಳೆ ಮೇಲೆ ನೆಟ್ಟಗೆ ಕಾಣಲಿ ಅಂತ ತಿರುಗಿಸಿಯೂ ಇದ್ರು. ಅಂಥ ನಕ್ಷೆ ಒಂದೇ ಗೂಟಕ್ಕೆ ಕಟ್ಟಿದ ಎತ್ತಿನಂಗ, ಸುತ್ತ ತಿರುಗ್ತದ. ನಿಲ್ಲಬೇಕು ಅಂದ್ರೆ ಎರಡು ಗೂಟ ಬೇಕು, ನಮಗೆ ಉಳಿದದ್ದು ಒಂದೇ. ಮಷಿನ್ನಿನ ಮೂಲ ಫೈಲ್ ಕೇಳಿದ್ರೆ ಅಳಿಸಿ ಹೋಗ್ಯಾದ ಅಂದ್ರು. ಮತ್ತೆ ದುಡ್ಡು, ಮತ್ತೆ ನಾಲ್ಕೂ ಕಡೆಯ ಬಾಜೂದವರನ್ನ ಕರೆದು ಅಳತೆ.

ಆ ಅಂಕಿ ಅಂದ್ರೆ ಏನು? ಹತ್ತನೇತ್ತಿಯಲ್ಲಿ ಗ್ರಾಫ್ ಹಾಳೆ ಮೇಲೆ ಎಕ್ಸ್, ವೈ ಹಾಕಿದ್ದು ನೆನಪಿರಬೇಕು. ಇಡೀ ದೇಶದ ಮೇಲೆ ಅಂಥ ಹಾಳೆ ಹಾಸಿದಂಗ ಲೆಕ್ಕ, ಅದಕ್ಕೆ ಯುಟಿಎಂ ಗ್ರಿಡ್ ಅಂತಾರೆ. ಉತ್ತರದ ಅಂಕಿ ಭೂಮಧ್ಯರೇಖೆಯಿಂದ ಎಷ್ಟು ಮೀಟರ್ ಅಂತ ಹೇಳ್ತದ. ಪೂರ್ವದ ಅಂಕಿಗೆ ನಮ್ಮ ವಲಯದಲ್ಲಿ 75 ಡಿಗ್ರಿ ರೇಖಾಂಶವನ್ನ 5 ಲಕ್ಷ ಅಂತ ಇಟ್ಟುಕೊಂಡಾರ. ಬಸವಕಲ್ಯಾಣ ಊರಿನ ಹತ್ರ ಪೂರ್ವ 7 ಲಕ್ಷ 6 ಸಾವಿರ, ಉತ್ತರ 19 ಲಕ್ಷ 77 ಸಾವಿರದ ಆಸುಪಾಸು ಬರ್ತದ. ಹುಮನಾಬಾದದಲ್ಲಿ 7 ಲಕ್ಷ 25 ಸಾವಿರ, 19 ಲಕ್ಷ 66 ಸಾವಿರದ ಆಸುಪಾಸು. ಕಲ್ಲು ಹೋಗಲಿ, ಬದು ಹೋಗಲಿ, ಹೊಂಡ ಬೀಳಲಿ, ಸೆಂಟಿಮೀಟರ್ ತನಕ ಬರೆದಿಟ್ಟ ಈ ಎರಡು ಅಂಕಿಯಿಂದ ಮೂಲೆ ಮತ್ತೆ ಸಿಗ್ತದ.

ಅಳತೆ ನಮ್ಮ ನೆಲಕ್ಕೆ ಹೊಸದಲ್ಲ. 1815ರಲ್ಲೇ ಲ್ಯಾಂಬ್ಟನ್ ಸಾಹೇಬರ ತಂಡ ಬೀದರ್ ಹತ್ರ ಸರಪಳಿ ಹಾಸಿ ಒಂದು ಮೂಲ ಗೆರೆ ಅಳೆದಿತ್ತು, ದೇಶದ ದೊಡ್ಡ ತ್ರಿಕೋನ ಮೋಜಣಿಗೆ. 1841ರಲ್ಲಿ ಬೀದರಿನಲ್ಲಿ ಮತ್ತೆ ಅಳೆದರು. ದೇಶ ಅಳೆಯೋರೇ ಎರಡು ಸಲ ನೋಡ್ತಾರೆ ಅಂದಮೇಲೆ ನಾವು ಒಂದು ಸಲನಾದ್ರೂ ನೋಡಬೇಕಲ್ಲ.

ನೋಡೋದು ಏನು?

ಒಂದು, ವಲಯ. ನಮ್ಮದು 43. ಹೈದರಾಬಾದ್ 44. ಹೆದ್ದಾರಿಯಲ್ಲಿ ಸಂಗಾರೆಡ್ಡಿ ಮುಟ್ಟೋದ್ರೊಳಗೇ ವಲಯ ಬದಲಾಗ್ತದ. ನಮ್ಮ ಎರಡನೇ ನಕ್ಷೆ ಮಾಡಿದವರ ಲ್ಯಾಪ್‌ಟಾಪಿನಲ್ಲಿ 44 ಇತ್ತು. ಹುಡುಗ ಅದನ್ನ ಉಪಗ್ರಹ ಚಿತ್ರದ ಮೇಲೆ ಇಟ್ಟು ನಕ್ಕ: "ದೊಡ್ಡಪ್ಪಾ, ನಮ್ಮ ಹೊಲ ವಿಶಾಖಪಟ್ಟಣದ ಹತ್ರ ಹೋಗ್ಯಾದ ನೋಡ್ರಿ." 43 ಅಂತ ಬದಲಿಸಿದ, ಹೊಲ ಊರಿಗೆ ಬಂತು.

ಎರಡು, ಎಕ್ಸ್ ಅಂದ್ರೆ ಪೂರ್ವ, ವೈ ಅಂದ್ರೆ ಉತ್ತರ. ಅದಲಿ ಬದಲಿಯಾದ್ರೆ ಹೊಲ ಕನ್ನಡಿಯಲ್ಲಿ ಕಂಡಂಗ ಉಲ್ಟಾ ಬೀಳ್ತದ. ನಮ್ಮಲ್ಲಿ ಪೂರ್ವದ ಅಂಕಿ ಆರು ಅಂಕೆಯದು, ಉತ್ತರದ್ದು ಏಳು. ಎಣಿಸಿದ್ರೆ ತಿಳೀತದ.

ಮೂರು, ಫೋನಿನ ಡಿಗ್ರಿ ಅಂಕಿ ಹಂಗೇ ಕ್ಯಾಡ್‌ಗೆ ಹಾಕಬಾರದು. ನಮ್ಮ ಕಡೆ ಒಂದು ಡಿಗ್ರಿ ಉತ್ತರ ದಕ್ಷಿಣಕ್ಕೆ ಸುಮಾರು 110 ಕಿ.ಮೀ. ಮೇಲೆ, ಪೂರ್ವ ಪಶ್ಚಿಮಕ್ಕೆ ಸುಮಾರು 106. ಆಕಾರವೇ ಕೆಡ್ತದ. ಮೀಟರಿಗೆ ಬದಲಿಸಿಯೇ ಹಾಕಬೇಕು.

ನಾಲ್ಕು, ಬೇಸ್ ಮಷಿನ್ ಇಟ್ಟ ಜಾಗದ ಅಂಕಿ ಎಲ್ಲಿಂದ ತಂದ್ರು ಅಂತ ಕೇಳಿ. ಸರ್ವೆ ಆಫ್ ಇಂಡಿಯಾದ ಕೋರ್ಸ್ ಕೇಂದ್ರದಿಂದಲೋ, ಗೊತ್ತಿರೋ ಬಿಂದುವಿನಿಂದಲೋ ಆದ್ರೆ ಸರಿ. ಅಂದಾಜಿಗೆ ಇಟ್ಟಿದ್ರೆ ಇಡೀ ಹೊಲ ಮೀಟರುಗಟ್ಟಲೆ ಸರಿದಿರ್ತದ, ನಕ್ಷೆ ಮಾತ್ರ ಚೆಂದ ಕಾಣ್ತದ.

ಕ್ಯಾಡ್ ಮಾಡೋ ಹುಡುಗರ ಕಷ್ಟವೂ ಅದ. ಅಷ್ಟು ದೊಡ್ಡ ಅಂಕಿ ಇದ್ರೆ ಕೆಲವು ಸಾಫ್ಟ್‌ವೇರ್‌ನಲ್ಲಿ ಗೆರೆ ನಡುಗ್ತಾವಂತೆ, ಅದಕ್ಕೇ ಸೊನ್ನೆಗೆ ಸರಿಸ್ತಾರೆ. ಆದ್ರೆ ಹೊಲ ಸರಿಸದೇ ನೋಡೋ ದಿಕ್ಕು ಮಾತ್ರ ತಿರುಗಿಸೋ ಸೌಲಭ್ಯ ಕ್ಯಾಡ್‌ನಲ್ಲೇ ಅದ, ಯುಸಿಎಸ್ ಅಂತ. ತಮ್ಮಂದಿರಾ, ಹಾಳೆ ತಿರುಗಿಸ್ರಿ, ಹೊಲ ತಿರುಗಿಸಬೇಡ್ರಿ. ಸರಿಸಲೇಬೇಕಾದ್ರೆ ಎಷ್ಟು ಸರಿಸಿದ್ರಿ, ಎಷ್ಟು ತಿರುಗಿಸಿದ್ರಿ ಅಂತ ನಕ್ಷೆ ಮೇಲೇ ಬರೀರಿ.

ಇನ್ನೊಂದು ಮಾತು. ಅಂಕಿ ಇದ್ದ ಮಾತ್ರಕ್ಕೆ ಹಕ್ಕು ಬರೋದಿಲ್ಲ. ಹಕ್ಕಿಗೆ ಪಹಣಿ, ಟಿಪ್ಪಣಿ, ಆಕಾರಬಂದ್, 11ಇ ನಕ್ಷೆ ಇವೇ ಬೇಕು. ದಿಶಾಂಕ್ ಆ್ಯಪ್ ಹಿಡಕೊಂಡು ಬದುವಿನ ಮೇಲೆ ನಿಂತು ಬಾಜೂದವರ ಜೋಡಿ ಜಗಳಕ್ಕೂ ಹೋಗಬೇಡಿ. ಯಾವ ಸರ್ವೆ ನಂಬರಿನಲ್ಲಿ ನಿಂತೀವಿ ಅಂತ ತಿಳಿಯಲಿಕ್ಕೆ ಅದು ಒಳ್ಳೇದು, ಆದ್ರೆ ಫೋನಿನ ಜಿಪಿಎಸ್ ಮೂರು ನಾಲ್ಕು ಮೀಟರ್ ಅತ್ತಿತ್ತ ಆಗ್ತದ. ನಮ್ಮ ಜಗಳ ಎರಡು ಅಡಿದು. ಅಂಕಿಯ ಪಟ್ಟಿ ಇರೋದು ನೆನಪಿಗೆ. ಬಾಂದುಕಲ್ಲು ಮರೆಯಾದಾಗ ಎರಡೂ ಕಡೆಯವರು ಒಪ್ಪೋ ಹಂತಾ ನೆನಪು.

ರೈತನ ಕೈಗೆ ಬರೋ ಪ್ರತಿ ನಕ್ಷೆ ಮೇಲೂ, ಖಾಸಗಿದಾಗಲಿ ಸರ್ಕಾರದ್ದಾಗಲಿ, ಮೂಲೆಗಳ ಪಟ್ಟಿ, ವಲಯ, ತಾರೀಖು ಕನ್ನಡದಲ್ಲಿ ಇರಬೇಕು. ನಾಲ್ಕು ಸಾಲಿನ ಕೆಲಸ ಅದು.

ನಮ್ಮ ಪಟ್ಟಿ ಈಗ ನನ್ನ ಮನ್ಯಾಗೊಂದು, ತಮ್ಮನ ಮನ್ಯಾಗೊಂದು ಅದ. ಕಲ್ಲೂ ಮತ್ತೆ ನೆಟ್ಟೀವಿ. ಈ ಸಲ ಕಡಲೆ ಬಿತ್ತಲಿಕ್ಕೆ ಅವನ ಟ್ರ್ಯಾಕ್ಟರೇ ಬರ್ತದ.

ನಿಮ್ಮ ನಕ್ಷೆ ತೆಗೆದು ನೋಡ್ರಿ. ಅಂಕಿ ಇಲ್ಲದಿದ್ರೆ ಅಳೆದವರಿಗೆ ಇವತ್ತೇ ಫೋನ್ ಮಾಡ್ರಿ, ಫೈಲ್ ಅಳಿಸಿ ಹೋಗೋ ಮುಂಚೆ.