ಮಾಲೂರಿನಲ್ಲಿ ನಮಗೆ ಬೇರೆ ಮದ್ರಸ ಯಾಕೆ?

ಅಕ್ಕನ ಮಗ ಮಾಲೂರಿನಲ್ಲಿ ಬೇಕರಿ ಇಟ್ಟು ಆರು ವರ್ಷವಾಯಿತು. ಅವನ ಹಾಗೆಯೇ ಬಂಟ್ವಾಳ, ಪುತ್ತೂರು ಕಡೆಯಿಂದ ಹೋಗಿ ಆಚೀಚೆ ಜ್ಯೂಸ್ ಅಂಗಡಿ, ಫ್ಯಾನ್ಸಿ ಅಂಗಡಿ ಇಟ್ಟ ಹುಡುಗರು ಬೇರೆಯೂ ಇದ್ದಾರೆ. ಕಳೆದ ರಜೆಯಲ್ಲಿ ಅವನ ಫೋನ್ ಬಂತು. "ಮಾಮ, ನಾವು ಏಳೆಂಟು ಮನೆಯವರು ಸೇರಿ ಒಂದು ಹಾಲ್ ಬಾಡಿಗೆಗೆ ಹಿಡಿಯುತ್ತೇವೆ. ನಮ್ಮದೇ ನಮಾಝ್, ಮಕ್ಕಳಿಗೆ ನಮ್ಮದೇ ಮದ್ರಸ. ನೀವು ಉಸ್ತಾದರಾಗಿ ಬರಬೇಕು" ಅಂದ. ಸಂಬಳ ಊರಿನದ್ದಕ್ಕಿಂತ ಹೆಚ್ಚು. ನೋಡಲು ಹೋದೆ, ಐದು ದಿನ ಇದ್ದೆ, ಬೇಡ ಎಂದು ಹೇಳಿ ಬಂದೆ. ಅಕ್ಕನಿಗೆ ಇವತ್ತಿಗೂ ಅದರ ಬೇಸರ ಉಂಟು. ನಮ್ಮ ಎಷ್ಟೋ ಮನೆಗಳ ಮಕ್ಕಳು ಘಟ್ಟ ಹತ್ತಿ ಹೋಗಿರುವುದರಿಂದ ಇದನ್ನು ಮನೆಯೊಳಗೇ ಇಟ್ಟುಕೊಳ್ಳದೆ ಇಲ್ಲಿ ಬರೆಯುತ್ತಿದ್ದೇನೆ.

ಕೋಲಾರ ಅಂದರೆ ನಮಗೆ ಗೊತ್ತಿದ್ದದ್ದು ಎರಡೇ ಸಂಗತಿ. ಒಂದು ಚಿನ್ನ, ಇನ್ನೊಂದು ನಮ್ಮ ನೇತ್ರಾವತಿಯ ನೀರು ಕೇಳುವ ಜಿಲ್ಲೆ. ಚಿನ್ನದ ಗಣಿ 2001ರಲ್ಲೇ ಮುಚ್ಚಿದೆ. ಅದು ಇದ್ದದ್ದು ಕೆಜಿಎಫ್‌ನಲ್ಲಿ, ಈಗ ಅದು ಬೇರೆಯೇ ತಾಲೂಕು. ನೀರಿನ ಸಂಗತಿಗೆ ಆಮೇಲೆ ಬರುತ್ತೇನೆ. ಮೊದಲು ದಾರಿ ಹೇಳಬೇಕು. ಬಿ.ಸಿ.ರೋಡ್‌ನಲ್ಲಿ ನಾವು ದಿನಾ ದಾಟುವ ರಾಷ್ಟ್ರೀಯ ಹೆದ್ದಾರಿ 75 ಉಂಟಲ್ಲ, ಅದೇ ರಸ್ತೆ ಹಾಸನ, ಬೆಂಗಳೂರು ದಾಟಿ ಕೋಲಾರ, ಮುಳಬಾಗಿಲಿನ ಮೂಲಕ ವೆಲ್ಲೂರಿಗೆ ಹೋಗುವುದು. ಮಾಲೂರಿಗೆ ಮಾತ್ರ ಬೆಂಗಳೂರಿನಿಂದ ಬಂಗಾರಪೇಟೆ ಕಡೆಯ ರೈಲು ಹತ್ತಿದರೆ ಸುಲಭ. ಬೆಳಗ್ಗೆ ಸಂಜೆ ಆ ರೈಲಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಮಲಗುವುದು ಮಾಲೂರಿನಲ್ಲಿ, ದುಡಿಯುವುದು ಬೆಂಗಳೂರಿನಲ್ಲಿ ಎಂಬಂತಹ ಜನ.

ಮಾಲೂರಿನಲ್ಲಿ ಇಳಿದಾಗ ನನಗೆ ಮೊದಲು ಕಂಡದ್ದು ಹಂಚು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು ನಮಗೆಲ್ಲ ಗೊತ್ತು. ಬಯಲುಸೀಮೆಯಲ್ಲಿ ಹಂಚಿಗೆ, ಇಟ್ಟಿಗೆಗೆ ಹೆಸರಾದ ಊರು ಮಾಲೂರು. ಈಗ ಅಲ್ಲಿಯೂ ಇಲ್ಲಿಯೂ ಒಂದೇ ಕಥೆ, ಎಲ್ಲರಿಗೂ ಆರ್‌ಸಿಸಿ ಬೇಕು. ಹಂಚಿನ ಗೂಡುಗಳ ಜಾಗವನ್ನು ಕೈಗಾರಿಕಾ ಪ್ರದೇಶ, ಲೇಔಟ್, ಗೋಡೌನ್‌ಗಳು ತಿನ್ನುತ್ತಿವೆ. ಆಚೆ ನರಸಾಪುರದಲ್ಲಿ ಹೋಂಡಾ ಬೈಕ್‌ನ ಕಾರ್ಖಾನೆ ಉಂಟು, ಐಫೋನ್ ಜೋಡಿಸುವ ಕಾರ್ಖಾನೆಯೂ ಉಂಟು. ಆ ಎರಡನೆಯದ್ದು ಮೊದಲು ವಿಸ್ಟ್ರಾನ್, ಈಗ ಟಾಟಾದವರದ್ದು. ಶಿಫ್ಟ್ ಬಿಡುವ ಹೊತ್ತಿಗೆ ಬಸ್ಸು ತುಂಬಾ ಹೆಣ್ಣುಮಕ್ಕಳು. ನನ್ನ ಸೋದರಳಿಯನ ಬನ್, ಪಫ್ಸ್ ಖರ್ಚಾಗುವುದು ಅವರಿಂದಲೇ.

ಅವನು ಮನೆ ಹುಡುಕಿದ ಕಥೆ ಕೇಳಿ. ಒಂದು ಬೀದಿಯಲ್ಲಿ "ನಾನ್‌ವೆಜ್‌ನವರಿಗೆ ಕೊಡುವುದಿಲ್ಲ" ಅಂದರಂತೆ. ಅದು ನಮಗೆ ಹೊಸದಲ್ಲ. ಮುಸ್ಲಿಮರ ಬೀದಿಗೆ ಹೋದರೆ ಅಲ್ಲಿ ಇವನನ್ನು "ಮಲಬಾರಿ" ಅಂದರು, ಇವನ ಉರ್ದು ಕೇಳಿ ಮಕ್ಕಳು ನಕ್ಕರು. ಕೊನೆಗೆ ಮನೆ ಕೊಟ್ಟದ್ದು ತಿಗಳರ ಒಬ್ಬ ಅಜ್ಜಿ, ಸೇವಂತಿಗೆ ಬೆಳೆಯುವವರು. ಕಾರಣ ಕೇಳಿದರೆ, "ನಿಮ್ಮ ಅಂಗಡಿ ಬೆಳಗ್ಗೆ ಐದಕ್ಕೆ ತೆಗೀತಾರಲ್ಲಪ್ಪಾ, ನಮ್ಮ ಹೂವೂ ಅಷ್ಟೊತ್ತಿಗೇ ಮಾರ್ಕೆಟ್ಟಿಗೆ ಹೋಗ್ಬೇಕು" ಅಂದರಂತೆ. ಇಷ್ಟು ಸಣ್ಣ ಕಾರಣಕ್ಕೂ ಮನುಷ್ಯರು ಮನೆ ಕೊಡುತ್ತಾರೆ.

ಮಸೀದಿಯ ವಿಷಯಕ್ಕೆ ಬರುವ. ನಾವು ಶಾಫಿಈಗಳು, ಅಲ್ಲಿನವರು ಹೆಚ್ಚಾಗಿ ಹನಫಿಗಳು. ಅಸರ್ ನಮಾಝ್ ಅಲ್ಲಿ ತಡ, ಸುಬ್ಹಿಯಲ್ಲಿ ಕುನೂತ್ ಇಲ್ಲ, ಬಯಾನ್ ಪೂರ್ತಿ ಉರ್ದುವಿನಲ್ಲಿ. ನಮ್ಮ ಹುಡುಗರ ದೂರು ಇಷ್ಟೇ. ಆದರೆ ಮಾತಿನ ಒಳಗೆ ಇನ್ನೊಂದು ಇತ್ತು, ಅದನ್ನು ಹೇಳದಿದ್ದರೆ ನಾನು ಸುಳ್ಳು ಹೇಳಿದ ಹಾಗೆ. "ಘಟ್ಟದ ಮೇಲಿನ ಸಾಯಿಬರಿಗೆ ದೀನ್ ಗೊತ್ತಿಲ್ಲ ಮಾಮ" ಅನ್ನುವ ತಾತ್ಸಾರ. ಇದನ್ನು ಅವರು ಅಲ್ಲಿ ಕಲಿತದ್ದಲ್ಲ, ಇಲ್ಲಿಂದ ಕಟ್ಟಿಕೊಂಡು ಹೋದದ್ದು. ನಮ್ಮ ಮನೆ ಜಗಲಿಗಳಲ್ಲಿ ನಾವೇ ಎಷ್ಟು ಸಲ ಹಾಗೆ ಹೇಳಿಲ್ಲ! ನಾಲ್ಕು ಮದ್‌ಹಬ್‌ಗಳೂ ಸರಿ ಎಂದು ಕರಿಹಲಗೆಯಲ್ಲಿ ಬರೆದು ಕಲಿಸುವ ನಾನೇ ಮೊದಲ ದಿನ ಅಲ್ಲಿ ಅಸರಿಗೆ ಕಾಯುವಾಗ ಗಡಿಯಾರ ನೋಡಿ ಗೊಣಗಿದ್ದೆ.

ಆ ಮಸೀದಿಯ ಮೌಲಾನಾ ವಯಸ್ಸಿನಲ್ಲಿ ನನಗಿಂತ ಸಣ್ಣವರು. ಮನೆಯಲ್ಲಿ ದಖ್ಖನಿ ಉರ್ದು, ಹಾಲಿನವನ ಹತ್ತಿರ ತೆಲುಗು, ಬ್ಯಾಂಕಿನಲ್ಲಿ ಕನ್ನಡ. ಹೊಸೂರು ಹತ್ತಿರವಾದ್ದರಿಂದ ತಮಿಳೂ ಸಾಕಷ್ಟು. ಅವರ ಆರು ವರ್ಷದ ಮಗಳಿಗೂ ಮೂರು ಭಾಷೆ. ಈ ಜಿಲ್ಲೆಯ ಗುಣವೇ ಅದು, ಆಂಧ್ರ ಮತ್ತು ತಮಿಳುನಾಡು ಎರಡಕ್ಕೂ ತಾಗಿಕೊಂಡದ್ದು. ಜ್ಞಾನಪೀಠ ಪಡೆದ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮಾಸ್ತಿ ಇರುವುದು ಇದೇ ಮಾಲೂರು ತಾಲೂಕಿನಲ್ಲಿ. ಅವರ ಮನೆಮಾತು ತಮಿಳು, ಬರೆದದ್ದು ಕನ್ನಡ. ಮನೆಯಲ್ಲಿ ಬ್ಯಾರಿ ಮಾತಾಡಿ ಪೇಪರಿನಲ್ಲಿ ಕನ್ನಡ ಓದುವ ನಮಗೆ ಇದು ಅರ್ಥವಾಗಬೇಕಾದ ಊರು.

ಇನ್ನು ನೀರು. ನೇತ್ರಾವತಿ ಉಳಿಸಿ ಎಂದು ಮೆರವಣಿಗೆಯಲ್ಲಿ ಘೋಷಣೆ ಕೂಗಿದವರಲ್ಲಿ ನಾನೂ ಒಬ್ಬ. ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆ ಆಯಿತು. 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಹತ್ತಿರ ಮೊದಲ ಹಂತ ಉದ್ಘಾಟನೆಯಾಯಿತು. ಘಟ್ಟದ ಕಾಡು ಕಡಿದು, ಗುಡ್ಡ ಅಗೆದು ಪೈಪ್ ಹಾಕಿದ್ದು ಸರಿಯಲ್ಲ ಎಂಬ ನನ್ನ ಅಭಿಪ್ರಾಯ ಇವತ್ತಿಗೂ ಬದಲಾಗಿಲ್ಲ. ಆದರೆ ಕೇಳುವವರು ಯಾರು ಎಂದು ನಾನು ನೋಡಿರಲಿಲ್ಲ. ಕೋಲಾರಕ್ಕೆ ವರ್ಷವಿಡೀ ಹರಿಯುವ ಒಂದು ಹೊಳೆ ಇಲ್ಲ. ಹಿಂದಿನವರು ಊರಿಗೊಂದು ಕೆರೆ ಕಟ್ಟಿ ಬದುಕಿದರು. ಕೆರೆ ಹೂಳು ತುಂಬಿದ ಮೇಲೆ ಬೋರ್‌ವೆಲ್, ಅದೂ ಸಾವಿರ ಅಡಿ ದಾಟಿ. ಅಷ್ಟು ಆಳದಿಂದ ಬರುವ ನೀರಿನಲ್ಲಿ ಫ್ಲೋರೈಡ್. ನಮ್ಮಲ್ಲಿ ಹಿತ್ತಿಲ ಬಾವಿಯಲ್ಲಿ ಹಗ್ಗ ಎರಡು ಮಾರು ಇಳಿಸಿದರೆ ನೀರು ಸಿಗುತ್ತದೆ, ಅಲ್ಲಿ ಬೋರ್ ಕೊರೆಸಿ ಸಾಲದಲ್ಲಿ ಮುಳುಗಿದ ಮನೆಗಳುಂಟು.

2018ರಿಂದ ಅಲ್ಲಿಗೆ ಇನ್ನೊಂದು ನೀರು ಬರುತ್ತಿದೆ. ಬೆಂಗಳೂರಿನ ಕಕ್ಕಸು, ಬಚ್ಚಲಿನ ನೀರು, ಶುದ್ಧೀಕರಿಸಿದ್ದು. ಕೆ.ಸಿ.ವ್ಯಾಲಿ ಯೋಜನೆ ಎನ್ನುತ್ತಾರೆ. ಲಕ್ಷ್ಮೀಸಾಗರ ಕೆರೆಯಿಂದ ಶುರುವಾಗಿ ಒಂದೊಂದೇ ಕೆರೆ ತುಂಬಿತು. ಕೆರೆ ತುಂಬಿದ್ದಕ್ಕೆ ಸಂತೋಷಪಡುವವರೂ ಇದ್ದಾರೆ, ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತ ಮಾಡಿ ಎಂದು ವರ್ಷಗಟ್ಟಲೆ ಹೋರಾಡುತ್ತಿರುವವರೂ ಇದ್ದಾರೆ. ಕೆರೆ ಏರಿಯ ಮೇಲೆ ಒಬ್ಬ ರೈತರು ಕೇಳಿದರು: "ನೀವು ಮಂಗ್ಳೂರು ಕಡೆಯೋರಾ? ನಮಗೆ ನೀರು ಕೊಡಬೇಡಿ ಅಂದೋರು?" ಏನು ಉತ್ತರ ಕೊಡುವುದು ಮಾರಾಯ್ರೆ? ನಾನು ಹೊಳೆಯ ಕಥೆ ಹೇಳಿದೆ, ಅವರು ಬೋರಿನ ಕಥೆ ಹೇಳಿದರು. ಇಬ್ಬರಿಗೂ ಒಪ್ಪಿಗೆಯಾಗಲಿಲ್ಲ. ಬರುವಾಗ ಒಂದು ಚೀಲ ಟೊಮೆಟೊ ಕೊಟ್ಟರು. ಆ ಟೊಮೆಟೊ ಸಾಮಾನ್ಯದ್ದಲ್ಲ. 2023ರ ಜುಲೈಯಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕಿಲೋದ ಒಂದು ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಬೇರೆ ವರ್ಷ ಅದನ್ನೇ ರಸ್ತೆಗೆ ಸುರಿದದ್ದೂ ಉಂಟು.

ಮುಳಬಾಗಿಲಿಗೆ ಒಂದು ದಿನ ಹೋದೆವು. ಮೂಡಲ ಬಾಗಿಲು ಅಂದರೆ ಪೂರ್ವದ ಬಾಗಿಲು. ನಮ್ಮ ಮೂಡಬಿದಿರೆಯ 'ಮೂಡು' ಇದೇ. ದೋಸೆ ತಿಂದೆವು, ಹೊರಗೆ ಗರಿಗರಿ, ಒಳಗೆ ಮೆತ್ತಗೆ. ನಮ್ಮ ನೀರುದೋಸೆಯ ಅಭಿಮಾನವನ್ನು ಸ್ವಲ್ಪ ಹೊತ್ತು ಬದಿಗಿಟ್ಟೆ. ಹೈದರ್ ವಲಿಯವರ ದರ್ಗಾದಲ್ಲಿ ಝಿಯಾರತ್ ಮಾಡುವಾಗ ಪಕ್ಕದಲ್ಲಿ ಕುಂಕುಮ ಇಟ್ಟ ಹೆಂಗಸರು ಮಗುವನ್ನು ಮಲಗಿಸಿ ಬೇಡಿಕೊಳ್ಳುತ್ತಿದ್ದರು. ಡಿ.ವಿ.ಗುಂಡಪ್ಪನವರು ಹುಟ್ಟಿದ ಊರೂ ಇದೇ. ಶ್ರೀನಿವಾಸಪುರಕ್ಕೆ ಹೋದಾಗ ಮಾವಿನ ಹಂಗಾಮು ಮುಗಿದಿತ್ತು, ಮಂಡಿಗಳು ಖಾಲಿ. 2025ರ ಜೂನ್‌ನಲ್ಲಿ ಚಿತ್ತೂರಿನವರು ಕರ್ನಾಟಕದ ತೋತಾಪುರಿ ಒಳಗೆ ಬರದಂತೆ ತಡೆದಾಗ ಇಲ್ಲಿ ಬಂದ್ ಆಗಿತ್ತು. ತೋಟದ ರೆಡ್ಡಿ, ಮಂಡಿಯ ಸಾಬ್, ಲೋಡ್ ಹೊರುವ ಕೂಲಿ, ಎಲ್ಲರಿಗೂ ಒಟ್ಟಿಗೇ ನಷ್ಟವಂತೆ.

ಕೋಲಾರ ಪೇಟೆಯಲ್ಲಿ ಹೈದರಾಲಿಯ ತಂದೆ ಫತೇ ಮುಹಮ್ಮದರ ಮಕ್ಬರ ಉಂಟು, ಚೋಳರ ಕಾಲದ ಕೋಲಾರಮ್ಮನ ಗುಡಿ ಉಂಟು. ಎಲ್ಲರೂ ತೋರಿಸುವುದು ಇವೇ. ಇಷ್ಟು ನೋಡಿ ಆಹಾ ಎಂಥ ಸೌಹಾರ್ದ ಎಂದು ಬರೆದರೆ ಅದು ಅರ್ಧ ಸತ್ಯ. 2011ರ ಜನಗಣತಿ ಪ್ರಕಾರ ಈ ಜಿಲ್ಲೆಯಲ್ಲಿ ನೂರಕ್ಕೆ ಸುಮಾರು 30 ಮಂದಿ ಪರಿಶಿಷ್ಟ ಜಾತಿಯವರು. 2022ರಲ್ಲಿ ಇದೇ ಮಾಲೂರು ತಾಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಗುಜ್ಜುಕೋಲು ಮುಟ್ಟಿದ ಎಂದು ಒಬ್ಬ ದಲಿತ ಹುಡುಗನ ಮನೆಯವರಿಗೆ 60 ಸಾವಿರ ರೂಪಾಯಿ ದಂಡ ಹಾಕಿದ್ದರು. ಹಾಗೆಂದು ದಂಡ ಹಾಕಿಸಿಕೊಂಡು ತೆಪ್ಪಗಿರುವ ಜನವಲ್ಲ ಅವರು. ದಲಿತ ಚಳವಳಿ ಗಟ್ಟಿಯಾಗಿ ಬೆಳೆದ ನೆಲ ಇದು. ತೇರಹಳ್ಳಿ ಬೆಟ್ಟದ ಆದಿಮದಲ್ಲಿ ಹುಣ್ಣಿಮೆಯ ರಾತ್ರಿ ಹಾಡು, ನಾಟಕ ನಡೆಯುತ್ತದೆ. ನಮ್ಮ ಹುಡುಗರಲ್ಲಿ ಒಬ್ಬನೂ ಅಲ್ಲಿಗೆ ಹೋದವನಿಲ್ಲ. ಬೇಕರಿಗೆ ಬರುವ ಗಿರಾಕಿ ಯಾವ ಹಳ್ಳಿಯವನು, ಯಾವ ನೋವಿನವನು ಎಂದು ಆರು ವರ್ಷದಲ್ಲಿ ಕೇಳಿದವರೂ ಇಲ್ಲ. ನಾವು 'ಬಾಡಿಗೆಗೆ ಕೊಡಲಿಲ್ಲ' ಎಂದು ಬೇಸರ ಮಾಡುತ್ತೇವೆ, ಅದು ನ್ಯಾಯವೇ. ಆದರೆ ದಂಡ ಕಟ್ಟಿಸಿಕೊಂಡವರ ಊರಿನಲ್ಲಿ ಕೂತು ನಾವೇ ಸುತ್ತ ಇನ್ನೊಂದು ಗೋಡೆ ಕಟ್ಟುವುದೇ?

ಕೊನೆಯ ರಾತ್ರಿ ಎಲ್ಲರನ್ನೂ ಕೂರಿಸಿ ಹೇಳಿದೆ. ಬೇರೆ ಹಾಲ್ ಬೇಡ. ಮಕ್ಕಳನ್ನು ಅಲ್ಲಿನ ಮದ್ರಸಕ್ಕೇ ಕಳಿಸಿ, ಉರ್ದು ಬರಲಿ. ಸರಕಾರಿ ಶಾಲೆಯೋ ಖಾಸಗಿಯೋ, ಕನ್ನಡ ಬಿಡಬೇಡಿ. ಬ್ಯಾರಿ ಮನೆಯಲ್ಲಿ ಉಮ್ಮಂದಿರು ಕಲಿಸಲಿ. ಶಾಫಿಈ ಮಸ್ಅಲಗಳನ್ನು ನಾನು ಆದಿತ್ಯವಾರ ಒಂದು ಗಂಟೆ ಫೋನಿನಲ್ಲಿ ಹೇಳಿಕೊಡುತ್ತೇನೆ, ಸಂಬಳ ಬೇಡ. ಒಬ್ಬ ಎದ್ದು ಕೇಳಿದ: "ಮಕ್ಕಳು ನಮ್ಮ ಪಾಠಪುಸ್ತಕ, ನಮ್ಮ ಮೌಲೂದ್ ಎಲ್ಲ ಮರೆತರೆ?" ಅವನ ಭಯ ಸುಳ್ಳಲ್ಲ. ನನ್ನ ಹತ್ತಿರ ಅದಕ್ಕೆ ಪೂರ್ತಿ ಉತ್ತರವೂ ಇರಲಿಲ್ಲ. ಒಂದು ವರ್ಷ ನೋಡುವ ಅಂದೆ.

ಈಗ ನಾಲ್ಕು ತಿಂಗಳಾಯಿತು. ಆದಿತ್ಯವಾರದ ಪಾಠಕ್ಕೆ ಐದು ಮಕ್ಕಳು ಬರುತ್ತಾರೆ, ಮೌಲಾನಾರ ಮಗಳೂ ಒಬ್ಬಳು. ಸೋದರಳಿಯನ ಮಗ ಮೊನ್ನೆ ಪಾಠದ ನಡುವೆ ನನಗೆ "ನಕ್ಕೊ ಮಾಮ" ಅಂದ. ಆಚೆಯಿಂದ ಅವನ ಉಮ್ಮ ಬ್ಯಾರಿಯಲ್ಲಿ ಗದರಿಸಿದ್ದು ಫೋನಿನಲ್ಲಿ ಕೇಳಿಸಿತು.