“ಹುಲಿ ದರ್ಶನ ಗ್ಯಾರಂಟಿ, ಕಡಲ ತೀರದ ಡ್ರೈವ್ ಉಚಿತ”: ಇಂತಹ ಪ್ಯಾಕೇಜ್ ಮೆಸೇಜ್ ನಂಬಬಹುದೇ?

“ಐಷಾರಾಮಿ ಸಫಾರಿ ಲಾಡ್ಜ್‌ನಲ್ಲಿ ಎರಡು ರಾತ್ರಿ, ಆಮೇಲೆ ಕಡಲ ತೀರದಲ್ಲಿ ಕಾರ್ ಪ್ರಯಾಣ. ಹುಲಿ ದರ್ಶನ ಗ್ಯಾರಂಟಿ. ಇಂದೇ ಅರ್ಧ ಹಣ ಕಟ್ಟಿದವರಿಗೆ ಮಾತ್ರ ಈ ದರ. ಗುಂಪಿನಲ್ಲಿ ಎಲ್ಲರಿಗೂ ಕಳಿಸಿ.”

ಕಡೂರು ತಾಲ್ಲೂಕಿನ ಪಂಚನಹಳ್ಳಿಯ ಒಂದು ವಾಟ್ಸಾಪ್ ಗುಂಪಿಗೆ ಇಂತಹ ಮೆಸೇಜ್ ಬಂತು ಎಂದಿಟ್ಟುಕೊಳ್ಳಿ. ಕೊಬ್ಬರಿ ಮಾರಿದ ದುಡ್ಡು ಕೈಯಲ್ಲಿದೆ, ಮಕ್ಕಳಿಗೆ ರಜೆ ಇದೆ. ಕಳಿಸಿದವರು ಪರಿಚಯದವರೇ. ಹಣ ಕಟ್ಟಬಹುದೇ? ಈ ಮೆಸೇಜಿನಲ್ಲಿ ಯಾವುದು ಸಾಧ್ಯ, ಯಾವುದು ಸಾಧ್ಯವಿಲ್ಲ ಎಂಬುದನ್ನು ಒಂದೊಂದಾಗಿ ನೋಡೋಣ.

ಇಂತಹ ಪ್ರವಾಸ ನಿಜಕ್ಕೂ ಇದೆಯೇ?

ಇದೆ. ಅದಕ್ಕೆ ಬಹಳ ದೂರ ಹೋಗಬೇಕಾಗಿಯೂ ಇಲ್ಲ. ಪಂಚನಹಳ್ಳಿಯಿಂದ ಕಡೂರು, ಬೀರೂರು, ತರೀಕೆರೆ ದಾಟಿದರೆ ಲಕ್ಕವಳ್ಳಿ. ಅಲ್ಲಿ ಭದ್ರಾ ಜಲಾಶಯದ ದಂಡೆಯಲ್ಲಿ ‘ರಿವರ್ ಟರ್ನ್ ಲಾಡ್ಜ್’ ಇದೆ. ಇದನ್ನು ನಡೆಸುವುದು ರಾಜ್ಯ ಸರ್ಕಾರದ್ದೇ ಕಂಪನಿಯಾದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್. 1980ರಲ್ಲಿ ಶುರುವಾದ ಈ ಕಂಪನಿಯ ಲಾಡ್ಜ್‌ಗಳು ಕಬಿನಿ, ಬಂಡೀಪುರ, ದಾಂಡೇಲಿಯಲ್ಲೂ ಇವೆ. ಭದ್ರಾ ಕಾಡು 1998ರಲ್ಲಿ ಹುಲಿ ಯೋಜನೆಗೆ ಸೇರಿತು.

ಲಕ್ಕವಳ್ಳಿಯಿಂದ ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಮಾರ್ಗವಾಗಿ ಘಟ್ಟ ಇಳಿದರೆ ಉಡುಪಿ. ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಹೋದರೆ ಕುಂದಾಪುರ ದಾಟಿ ಮರವಂತೆ. ಅಲ್ಲಿ ರಸ್ತೆಯ ಒಂದು ಬದಿ ಅರಬ್ಬಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ನದಿ. ಹಾಗಾಗಿ ಪ್ರವಾಸ ಸುಳ್ಳಲ್ಲ. ಅನುಮಾನ ಬರಬೇಕಾದದ್ದು ಉಳಿದ ಮಾತುಗಳ ಮೇಲೆ.

ಹುಲಿ ಕಾಣುವುದು ಗ್ಯಾರಂಟಿಯೇ?

ಅಲ್ಲ. ಎಷ್ಟೇ ದುಬಾರಿ ಕೋಣೆ ತೆಗೆದುಕೊಂಡರೂ ಈ ಗ್ಯಾರಂಟಿಯನ್ನು ಯಾರೂ ಕೊಡಲಾರರು. ಹುಲಿ ಹೆಚ್ಚಾಗಿ ಮುಂಜಾನೆ, ಮುಸ್ಸಂಜೆ ಮತ್ತು ರಾತ್ರಿ ಓಡಾಡುವ ಪ್ರಾಣಿ. ಮೈಮೇಲಿನ ಪಟ್ಟೆಗಳು ಒಣಹುಲ್ಲು, ನೆರಳಿನ ನಡುವೆ ಅದನ್ನು ಮರೆಮಾಡುತ್ತವೆ. ಜಿಂಕೆಯಂತಹ ಪ್ರಾಣಿಗಳಿಗೆ ಕಿತ್ತಳೆ ಬಣ್ಣವನ್ನು ಹಸಿರಿನಿಂದ ಬೇರ್ಪಡಿಸಿ ನೋಡುವ ಶಕ್ತಿಯೂ ಇಲ್ಲ. ಕಾಡಿನಲ್ಲೇ ಹುಟ್ಟಿದ ಜಿಂಕೆಯ ಕಣ್ಣಿಗೇ ಬೀಳದ ಪ್ರಾಣಿ ಜೀಪಿನಲ್ಲಿ ಕೂತ ನಮಗೆ ಹೇಳಿದ ಹೊತ್ತಿಗೆ ಕಾಣುವುದೇ?

ಸಫಾರಿಯೇ ನಡೆಯುತ್ತದೆ ಎಂಬ ಖಾತ್ರಿಯೂ ಇಲ್ಲ. 2025ರ ನವೆಂಬರ್‌ನಲ್ಲಿ ಜನರ ಮೇಲೆ ಹುಲಿ ದಾಳಿಗಳಾದ ಬಳಿಕ ಬಂಡೀಪುರ ಮತ್ತು ನಾಗರಹೊಳೆಯಲ್ಲಿ ಸರ್ಕಾರ ಸಫಾರಿಯನ್ನೇ ನಿಲ್ಲಿಸಿತು. “ರಾತ್ರಿ ಸಫಾರಿ” ಎಂದು ಬರೆದಿದ್ದರಂತೂ ಅದನ್ನು ಅಲ್ಲಿಗೇ ಬಿಡಿ. ನಮ್ಮ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಸಫಾರಿ ಇರುವುದು ಬೆಳಿಗ್ಗೆ ಮತ್ತು ಸಂಜೆ ಮಾತ್ರ.

ಕಾಣುವ ಅವಕಾಶ ಹೆಚ್ಚುವುದು ಹಣದಿಂದಲ್ಲ, ಕಾಲದಿಂದ. ಬೇಸಿಗೆಯಲ್ಲಿ ಭದ್ರಾ ಜಲಾಶಯದ ನೀರು ಇಳಿದಾಗ ದಂಡೆಯಲ್ಲಿ ಹುಲ್ಲು ಚಿಗುರುತ್ತದೆ. ಆನೆ, ಕಾಟಿ, ಜಿಂಕೆ ಅಲ್ಲಿಗೆ ಬರುತ್ತವೆ. ನೀರಿನ ನಡುವೆ ತೇಲಿದ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆಯಿಡುತ್ತವೆ. ಲಾಡ್ಜ್‌ನ ಹೆಸರು ಬಂದದ್ದೇ ಈ ಹಕ್ಕಿಯಿಂದ.

ಕಡಿಮೆ ದರ ಎಂದರೆ ಮೋಸವೇ?

ಎಲ್ಲ ಸಲವೂ ಅಲ್ಲ. ಮಳೆಗಾಲದಲ್ಲಿ ಜನ ಕಡಿಮೆ ಇರುವುದರಿಂದ ಲಾಡ್ಜ್‌ಗಳು ರಿಯಾಯಿತಿ ಕೊಡುವುದುಂಟು. ಆದರೆ ಆಗ ನಿಮಗೆ ಸಿಗುವುದೂ ಬೇರೆಯೇ. ಜಲಾಶಯ ತುಂಬಿ ಹುಲ್ಲಿನ ದಂಡೆ ಮುಳುಗಿರುತ್ತದೆ. ಕಾಡಿನ ದಾರಿ ಕೆಸರಾದರೆ ಸಫಾರಿ ರದ್ದಾಗಬಹುದು.

ದರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಫಾರಿ ಲಾಡ್ಜ್‌ಗಳ ದರ ಸಾಮಾನ್ಯವಾಗಿ ಕೋಣೆಗಲ್ಲ, ಒಬ್ಬರಿಗೆ. ಅದೂ ಇಬ್ಬರು ಒಂದು ಕೋಣೆ ಹಂಚಿಕೊಂಡರೆ. ದೊಡ್ಡವರು ನಾಲ್ವರಿದ್ದರೆ ಮೆಸೇಜಿನ ಮೊತ್ತವನ್ನು ನಾಲ್ಕರಿಂದ ಗುಣಿಸಬೇಕಾದೀತು. ಊಟ, ಸಫಾರಿ, ಅರಣ್ಯ ಪ್ರವೇಶ ಶುಲ್ಕ, ತೆರಿಗೆ ಎಲ್ಲವೂ ಅದರಲ್ಲಿ ಸೇರಿದೆಯೇ, ಪ್ರವಾಸ ರದ್ದಾದರೆ ಎಷ್ಟು ವಾಪಸ್ ಬರುತ್ತದೆ ಎಂದು ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಕಡಲ ತೀರದ ಡ್ರೈವ್ ಯಾವಾಗ ಬೇಕಾದರೂ ಆಗುತ್ತದೆಯೇ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಚ್ಚರ ಬೇಕು. ಆಗುಂಬೆ ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳಿವೆ. ಜೋರು ಮಳೆಗೆ ಗುಡ್ಡ ಕುಸಿದರೆ ಘಾಟಿ ರಸ್ತೆಗಳಲ್ಲಿ ಸಂಚಾರ ನಿರ್ಬಂಧಿಸುತ್ತಾರೆ. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಘಾಟಿ ಹಲವೆಡೆ ಕುಸಿದು ಸಂಚಾರವೇ ನಿಂತಿತ್ತು.

ಸಮುದ್ರದ ವಿಷಯದಲ್ಲಿ ಮಾತ್ರ ಮಳೆಗಾಲ ಮುಗಿದರೂ ಎಚ್ಚರ ಬಿಡುವಂತಿಲ್ಲ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ಮುಳುಗಿ ತೀರಿಕೊಂಡರು. ಕೆರೆ, ಬಾವಿಯಲ್ಲಿ ಈಜು ಕಲಿತ ನಮ್ಮ ಬಯಲುಸೀಮೆಯವರಿಗೆ ಸಮುದ್ರದ ಸೆಳೆತ ಗೊತ್ತಿರುವುದಿಲ್ಲ. ದಡಕ್ಕೆ ಅಪ್ಪಳಿಸಿದ ನೀರು ಕೆಲವು ಕಡೆ ಕಿರಿದಾದ ಹರಿವಾಗಿ ವೇಗದಿಂದ ಹಿಂದಕ್ಕೆ ಹೋಗುತ್ತದೆ. ಅಲ್ಲಿ ಅಲೆ ಕಡಿಮೆ ಇರುವುದರಿಂದ ಶಾಂತವಾಗಿ ಕಾಣುತ್ತದೆ. ಮೋಸ ಹೋಗುವುದು ಅಲ್ಲೇ. ಸಿಕ್ಕಿಕೊಂಡರೆ ನೇರ ದಡಕ್ಕೆ ಈಜಿ ಸುಸ್ತಾಗಬೇಡಿ. ತೇಲುತ್ತಾ ಕೂಗಿ ಸಹಾಯ ಕೇಳಿ, ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬನ್ನಿ. ಕೆಂಪು ಬಾವುಟ ಕಂಡರೆ ನೀರಿಗಿಳಿಯಲೇಬೇಡಿ.

ಹಣ ಕಟ್ಟುವ ಮೊದಲು ಏನು ನೋಡಬೇಕು?

ಲಾಡ್ಜ್ ಅಸಲಿ ಇರಬಹುದು, ಅದರ ಹೆಸರಿನಲ್ಲಿ ಹಣ ಕೇಳುವವರು ನಕಲಿ ಇರಬಹುದು. ಫೋಟೊ ಕದಿಯುವುದು, ಹೋಲುವ ಹೆಸರಿನ ವೆಬ್‌ಸೈಟ್ ಮಾಡುವುದು ಕಷ್ಟದ ಕೆಲಸವಲ್ಲ.

• ವೆಬ್ ವಿಳಾಸದ ಪಕ್ಕ ಬೀಗದ ಚಿಹ್ನೆ ಇದ್ದರೆ ಅಸಲಿ ಎಂಬುದು ತಪ್ಪು ನಂಬಿಕೆ. ನಿಮ್ಮ ಮಾಹಿತಿ ದಾರಿಯಲ್ಲಿ ಸೋರದು ಎಂದಷ್ಟೇ ಅದರ ಅರ್ಥ. ಆ ಕಡೆ ಕೂತವರು ಯಾರು ಎಂದು ಅದು ಹೇಳುವುದಿಲ್ಲ.

• ಮೆಸೇಜಿನ ಲಿಂಕ್ ಒತ್ತಬೇಡಿ. ಸರ್ಕಾರಿ ಲಾಡ್ಜ್ ಆದರೆ ‘ಜಂಗಲ್‌ಲಾಡ್ಜಸ್ ಡಾಟ್ ಕಾಮ್’ ಎಂದು ನೀವೇ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ನೋಡಿ. ಹುಡುಕಾಟದಲ್ಲಿ ಮೊದಲು ಬರುವುದು ಜಾಹೀರಾತೂ ಆಗಿರಬಹುದು.

• ಸರ್ಕಾರಿ ಲಾಡ್ಜ್ ಎಂದು ಹೇಳಿ ಯಾರದೋ ಸ್ವಂತ ಹೆಸರಿನ ಖಾತೆಗೆ ಹಣ ಹಾಕಿ ಎಂದರೆ ಅಲ್ಲಿಗೇ ನಿಲ್ಲಿಸಿ.

• “ರಿಫಂಡ್ ಬರಲು ಕ್ಯೂಆರ್ ಸ್ಕ್ಯಾನ್ ಮಾಡಿ, ಪಿನ್ ಹಾಕಿ” ಎಂದರೆ ಅದು ಖಂಡಿತ ಮೋಸ. ಹಣ ಪಡೆಯಲು ಯುಪಿಐ ಪಿನ್ ಬೇಕಾಗಿಲ್ಲ.

• ಹಣ ಹೋಯಿತು ಎಂದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲೇ ತಡೆಹಿಡಿಯುವ ಅವಕಾಶ ಇರುತ್ತದೆ. ನಾಚಿಕೆಯಿಂದ ತಡ ಮಾಡಿದಷ್ಟೂ ಆ ಅವಕಾಶ ಕಡಿಮೆಯಾಗುತ್ತದೆ.

ಕೊನೆಯದಾಗಿ

ಕಾಡುಪ್ರಾಣಿ ನೋಡಲು ಐಷಾರಾಮಿ ಕೋಣೆಯೇ ಬೇಕೆಂದಿಲ್ಲ. ಕಡೂರು ತಾಲ್ಲೂಕಿನಲ್ಲೇ ಇರುವ ಬಾಸೂರು ಅಮೃತಮಹಲ್ ಕಾವಲು ಕೃಷ್ಣಮೃಗಗಳ ನೆಲೆ. 2011ರಲ್ಲಿ ಅದನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಅರಣ್ಯ ಇಲಾಖೆಯ ಅನುಮತಿ ವಿಚಾರಿಸಿಕೊಂಡು ಹೋಗಬೇಕು, ಅಷ್ಟೇ.

ಪರಿಚಯದವರು ಕಳಿಸಿದ್ದಾರೆ ಎಂಬುದು ಮೆಸೇಜ್ ನಿಜ ಎನ್ನುವುದಕ್ಕೆ ಸಾಕ್ಷಿಯಲ್ಲ. ಅವರಿಗೂ ಅದು ಬೇರೆಯವರಿಂದ ಬಂದದ್ದೇ. ನೀವು ಮುಂದೆ ಕಳಿಸಿದರೆ ಪಡೆದವರು ನಿಮ್ಮ ಮುಖ ನೋಡಿ ನಂಬುತ್ತಾರೆ. ಹಾಗಾಗಿ ನೀವೇ ವಿಚಾರಿಸಿ ನೋಡಿರದ ಪ್ಯಾಕೇಜನ್ನು ಮುಂದೆ ಕಳಿಸಬೇಡಿ.